ಕೀಲಿಕೈಗೆ ಕಾಲುಚೀಲ

ಯೂಟಾ, ಉಪ್ಪಿನ ಬಯಲು
ಸೆಪ್ಟೆಂಬರ್ 1956

ತಂಗಿ ಹೆಸ್ಟರ್‌ಗೆ ಅಣ್ಣನ ಅಕ್ಕರೆ.

ಇಲ್ಲಿ ನೆಲವೆಲ್ಲ ಉಪ್ಪು, ಹಿಮ ಬಿದ್ದ ಹಾಗೆ ಬೆಳ್ಳಗಿದೆ. ಅದರ ಮೇಲೆ ನಮ್ಮ ಕಂಪನಿಯ ಹೊಸ ಕಾರು ಹಗಲೂ ರಾತ್ರಿ ಸುತ್ತುತ್ತಿದೆ. ಡ್ರೈವರ್ ಬದಲಾದರೂ ಎಂಜಿನ್ ನಿಲ್ಲಬಾರದು. ನಿಂತರೆ ಪರೀಕ್ಷೆ ಮೊದಲಿನಿಂದ ಶುರು, ನಿನ್ನ ಮಗಳ ಮದುವೆ ನನಗೆ ತಪ್ಪಿದಂತೆಯೇ. ನಿನ್ನೆ ಇಳಿಯುವಾಗ ಅಭ್ಯಾಸಬಲದಿಂದ ನನ್ನ ಕೈ ಕೀಲಿಕೈಗೇ ಹೋಯಿತು. ನನ್ನ ಬದಲಿಗೆ ಹತ್ತಲು ನಿಂತಿದ್ದ ಡ್ರೈವರ್ ವರ್ಜಿಲ್ ತಟ್ಟನೆ ಹಿಡಿದುಕೊಂಡ. "ಏನಜ್ಜಾ, ಮನೆ ಬಂತು ಅನ್ಕೊಂಡ್ಯಾ?"

ನೀನು ಹೆಣೆದ ಕೆಂಪು ಕಾಲುಚೀಲ ಒಂದನ್ನು ಬಿಚ್ಚಿ ಕೀಲಿಕೈಗೆ ತೊಡಿಸಿದ್ದೇನೆ. ಯಾರ ಕೈ ಹೋದರೂ ಉಣ್ಣೆ ತಾಗಿ ಎಚ್ಚರವಾಗುತ್ತದೆ. ಇನ್ನು ಕಾರು ನಿಲ್ಲುವುದಿಲ್ಲ, ಶನಿವಾರ ಚರ್ಚಿನಲ್ಲಿರುತ್ತೇನೆ. ಮೊಣಕಾಲು ಇನ್ನೂ ಕುಣಿಯುವಷ್ಟು ಗಟ್ಟಿಯಾಗಿದೆ. ಎಡಗಾಲಿಗೆ ಒಂದು ಹೆಣೆದಿಡು, ಬರಿಗಾಲಲ್ಲಿ ಮದುಮಗಳ ಜೊತೆ ಕುಣಿಯಲಾರೆ.

ಆರ್ವಿಲ್