ಮೂರನೆಯ ಸುತ್ತಿಗೆ ಕಳಿಸಲಿಲ್ಲ

ಮಿಯೆಂಬೆನಿ ಕೇರಿ, ಜಾಂಜಿಬಾರ್
12 ಜೂನ್ 2023

ಪ್ರೀತಿಯ ಶಾಯಿಬು,

ನಿನಗೂ ಮನೆಯವರೆಲ್ಲರಿಗೂ ಸಲಾಂ. ರಂಜಾನಿನಲ್ಲಿ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬಯ್ಯಬೇಕೆನಿಸಿದರೆ ಬಯ್ದುಬಿಡು, ಆಮೇಲೆ ಮುಂದೆ ಓದು. ಮೊಂಬಾಸಾದಲ್ಲಿ ನಿನಗೆ ಮೊಮ್ಮಗ ಹುಟ್ಟಿದ ಸುದ್ದಿ ಕೇಳಿ ನನ್ನ ಹೆಂಡತಿ ಹಿದಾಯಾ ಅಕ್ಕಪಕ್ಕದ ಮನೆಗೆಲ್ಲ ಹಲ್ವ ಹಂಚಿದಳು. ಅವಳ ಮೊಣಕಾಲು ನೋವು ಹಾಗೆಯೇ ಇದೆ. ನನ್ನ ಬಲಗಿವಿ ಪೂರ್ತಿ ಕೈಕೊಟ್ಟಿದೆ. ಅವಳು ಜಗಳ ತೆಗೆದಾಗ ಆ ಕಿವಿಯನ್ನು ಅವಳ ಕಡೆ ತಿರುಗಿಸಿ ಕೂರುತ್ತೇನೆ.

ನಮ್ಮ ದ್ವೀಪದಲ್ಲಿ ಬಾಕ್ಸಿಂಗಿಗೆ ನಿಜಕ್ಕೂ ಅನುಮತಿ ಸಿಕ್ಕಿತೇ ಎಂದು ಕೇಳಿದ್ದೆ. ಸಿಕ್ಕಿದೆ ಮಾರಾಯ. ನಾವು ಚಡ್ಡಿ ಹಾಕಲು ಕಲಿಯುವ ಹೊತ್ತಿಗೇ ನಿಂತುಹೋಗಿದ್ದ ಆಟ ಈಗ ಹಗಲುಹೊತ್ತಿನಲ್ಲಿ ನಡೆಯುತ್ತಿದೆ. ಕೈಗವಸುಗಳನ್ನು ಒಣಮೀನಿನ ಬುಟ್ಟಿಯಲ್ಲಿ ಅಡಗಿಸಿಕೊಂಡು ದೋಣಿ ಹತ್ತಿ, ಆಚೆ ದಡದ ದಾರ್ ಪಟ್ಟಣದಲ್ಲಿ ಗುದ್ದಾಡಿ ಬಂದು, ಊದಿದ ಮುಖಕ್ಕೆ ಹಾಯಿಯ ಕಂಬ ಬಡಿಯಿತೆಂದು ಅಮ್ಮಂದಿರಿಗೆ ಸುಳ್ಳು ಹೇಳುತ್ತಿದ್ದೆವಲ್ಲ. ನನ್ನ ಅಮ್ಮ ಒಮ್ಮೆ, "ಆ ಕಂಬಕ್ಕೂ ನಿನಗೂ ಏನೋ ಹಳೇ ದ್ವೇಷ ಇರ್ಬೇಕು ಕಣೋ" ಎಂದಿದ್ದಳು.

ಸುದ್ದಿ ತಿಳಿದ ಮರುವಾರವೇ ಲವಂಗದ ಹಳೆಯ ಗೋದಾಮಿನ ಹಿಂದಿನ ಅಂಗಳವನ್ನು ಕೇಳಿ ಪಡೆದೆ. ಹರಿದ ಹಾಯಿಬಟ್ಟೆಯ ಚೀಲ ಹೊಲಿದು, ತೆಂಗಿನ ನಾರು, ಚಿಂದಿ ತುಂಬಿ ಅಲ್ಲಿನ ಹಲಸಿನ ಮರಕ್ಕೆ ನೇತುಹಾಕಿದೆ. ಅರವತ್ತಮೂರನೇ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಹಿದಾಯಾ ಕೇಳಿದಳು. ಹುಚ್ಚು ಹಳೆಯದೇ, ಬಯಲಿಗೆ ಬಂದದ್ದು ಈಗ ಅಂದೆ.

ಹತ್ತು ಹನ್ನೆರಡು ಜನ ಬರತೊಡಗಿದರು. ಒಂದು ದಿನ ಬೆಳಗ್ಗೆ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಬಂದು ನಿಂತಳು. ಹೆಸರು ಜುವೇನಾ. ಮೀನು ಮಾರುಕಟ್ಟೆಯಲ್ಲಿ ಆಕ್ಟೋಪಸ್ ಬಡಿಯುವ ಕೆಲಸ. ಮಾಂಸ ಮೆತ್ತಗಾಗಲೆಂದು ಅದನ್ನು ಬಂಡೆಗೆ ಅಪ್ಪಳಿಸುವುದು ನಿನಗೆ ಗೊತ್ತಲ್ಲ. ಐದು ವರ್ಷದಿಂದ ದಿನವೂ ಅದನ್ನೇ ಮಾಡಿದ್ದಾಳೆ.

"ಹುಡುಗೀರಿಗೆ ನಾನು ಕಲಿಸಲ್ಲಮ್ಮ" ಎಂದೆ.

"ಕಲಿಸ್ಬೇಡಿ ಮ್ವಾಲಿಮು. ಈ ಚೀಲಕ್ಕೆ ಒಂದೇ ಒಂದು ಏಟು ಹೊಡೆದು ಹೋಗ್ತೀನಿ" ಎಂದಳು. ಇಲ್ಲಿ ಎಲ್ಲರೂ ನನ್ನನ್ನು ಹಾಗೆಯೇ ಕರೆಯುತ್ತಾರೆ, ಮೇಷ್ಟ್ರು ಅಂತ. ನಿನಗೆ ನಗು ಬರಬಹುದು.

ಹೊಡೆದಳು. ಚೀಲದ ಹೊಲಿಗೆ ಬಿಟ್ಟು ನಾರೆಲ್ಲ ನನ್ನ ಕಾಲ ಮೇಲೆ ಸುರಿಯಿತು. ದಬ್ಬಣ ತಂದು ಹೊಲಿಯುತ್ತಾ ಕೂತೆ. ಅವಳು ಪಕ್ಕದಲ್ಲೇ ಕೂತು ದಾರ ಪೋಣಿಸಿಕೊಟ್ಟಳು. ಮರುದಿನದಿಂದ ಎಲ್ಲರಿಗಿಂತ ಮೊದಲು ಅವಳೇ ಬರುತ್ತಿದ್ದಳು. ಸಮುದ್ರ ಹಿಂದೆ ಸರಿದಾಗ ಒದ್ದೆ ಮರಳಿನ ಮೇಲೆ ಓಟ, ಆಮೇಲೆ ದೋಣಿಯ ಹಗ್ಗದಲ್ಲಿ ಸ್ಕಿಪ್ಪಿಂಗ್, ಅದು ಮುಗಿದ ಮೇಲೆಯೇ ಚೀಲ.

ವಾರ ಕಳೆಯುವಷ್ಟರಲ್ಲಿ ಅವಳ ಅಜ್ಜಿ ಬಂದಳು. ಬೀಬಿ ಸಾದಾ ಎಂದರೆ ಮಾರುಕಟ್ಟೆಯೇ ಹೆದರುತ್ತದೆ.

"ಮುಖ ಒಡ್ಕೊಂಡು ಬಂದ್ರೆ ಇವಳನ್ನ ಯಾರು ಮದುವೆ ಆಗ್ತಾರೆ ಮಕಾಮೆ? ನೀನು ಆಗ್ತೀಯಾ?" ಎಂದು ನನ್ನನ್ನು ಕೇಳಿದಳು.

"ಬೀಬಿ, ಒಡೀದೇ ಇರೋ ಮುಖಕ್ಕೆ ಎಷ್ಟು ಜನ ಸಾಲು ನಿಂತಿದ್ದಾರೆ ಹೇಳು?" ಎಂದು ಜುವೇನಾ ಹಗ್ಗ ಆಡುತ್ತಲೇ ಕೇಳಿದಳು.

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಆದರೆ ಹೋಗುವಾಗ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಇವಳ ಅಪ್ಪ ಅಮ್ಮ ಇಲ್ಲ. ನನಗಿರೋದು ಇವಳೊಬ್ಬಳೇ. ಅದನ್ನ ತಲೇಲಿ ಇಟ್ಕೊಂಡು ಕಲಿಸು" ಎಂದಳು.

ಮೇ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಪಂದ್ಯವಿತ್ತು. ದಾರ್‌ನಿಂದ ಆರು ಜನರ ತಂಡ ಬಂದಿತ್ತು. ಜುವೇನಾಳ ಎದುರಿಗೆ ತುಮೈನಿ ಎಂಬ ಹುಡುಗಿ. ಇವಳಿಗಿಂತ ಒಂದು ಗೇಣು ಎತ್ತರ, ಆಗಲೇ ಏಳು ಪಂದ್ಯ ಆಡಿದವಳು. ಮೂರು ಸುತ್ತಿನ ಪಂದ್ಯ. ಪಂದ್ಯಕ್ಕೆಂದು ಹಾಕಿದ್ದ ಛಾವಣಿಯ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಮಾರುಕಟ್ಟೆಯ ಹೆಂಗಸರೆಲ್ಲ ಕಂಗಾ ಬಟ್ಟೆ ಬೀಸುತ್ತಾ, "ಬಂಡೆಗೆ ಬಡಿಯೇ, ಬಡಿಯೇ!" ಎಂದು ಕೂಗುತ್ತಿದ್ದರು. ಬೀಬಿ ಸಾದಾ ಬಂದಿರಲಿಲ್ಲ. ನೋಡಲಾರೆ ಎಂದಿದ್ದಳು.

ಮೊದಲ ಸುತ್ತು ನಮ್ಮದು. ಇದನ್ನು ನಾನು ಮೇಷ್ಟ್ರ ಹೆಮ್ಮೆಯಿಂದ ಹೇಳುತ್ತಿಲ್ಲ, ದಾರ್‌ನವರೂ ಒಪ್ಪಿದರು. ಜುವೇನಾ ಆ ಉದ್ದ ತೋಳುಗಳ ಒಳಗೆ ನುಗ್ಗಿ ನುಗ್ಗಿ ಪಕ್ಕೆಗೆ ಕೊಟ್ಟಳು. ಎರಡನೆಯ ಸುತ್ತಿನ ನಡುವೆ ಅವಳ ಬಲಗೈ ಕೆಳಗಿಳಿಯಿತು. ನಾನು "ಕೈ ಮೇಲೆ!" ಎಂದು ಕೂಗುವಷ್ಟರಲ್ಲಿ ತುಮೈನಿಯ ಎಡಗೈ ಕಿವಿಯ ಕೆಳಗೆ ಬಿತ್ತು. ಜುವೇನಾ ಮಂಡಿಯೂರಿದಳು. ರೆಫರಿ ಎಂಟರ ತನಕ ಎಣಿಸಿದ, ಎದ್ದಳು. ಮತ್ತೆ ಎರಡು ಏಟು ತಿಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮೂಲೆಗೆ ಬಂದು ಸ್ಟೂಲಿನ ಮೇಲೆ ಕೂತಳು. ನೀರು ಹಾಕಿ ಮುಖ ಒರೆಸಿದೆ. ಮೂರು ಬೆರಳು ತೋರಿಸಿದೆ, ಮೂರು ಎಂದಳು. "ಈಗ ಎಷ್ಟನೇ ಸುತ್ತಮ್ಮಾ?" ಎಂದೆ. ಅವಳು ನನ್ನ ಭುಜದಾಚೆ ನೋಡುತ್ತಾ, "ಬೀಬಿ ಒಲೆ ಮೇಲೆ ಗಂಜಿ ಇಟ್ಟಿದ್ದಾಳೆ, ಉಕ್ಕುತ್ತೆ" ಎಂದಳು.

ಶಾಯಿಬು, ಅದಾಗಿ ಎರಡು ಉಸಿರಿನಷ್ಟೂ ತಡಮಾಡಲಿಲ್ಲ. ಪಂದ್ಯ ಸಾಕೆಂದು ಟವೆಲು ಎಸೆದುಬಿಟ್ಟೆ.

ಛಾವಣಿ ಹಾರಿಹೋಗುವಷ್ಟು ಗಲಾಟೆಯಾಯಿತು. "ಮುದುಕ ಹೆದರಿಬಿಟ್ಟ!" "ಅವಳಿಗೆ ಬಿದ್ದ ಏಟು ಇವನಿಗೆ ತಗುಲ್ತು!" ಎಂದು ಕೂಗಿದರು. ಪಂದ್ಯ ಏರ್ಪಡಿಸಿದವರಲ್ಲೊಬ್ಬ ಬಂದು ನನ್ನ ಅಂಗಿ ಹಿಡಿದು, "ಊರಿಗೆ ಊರೇ ಕಾದಿದ್ದ ಪಂದ್ಯ ಇದು. ಗೆಲ್ತಿದ್ದವಳನ್ನ ಕೂರಿಸಿ ದ್ವೀಪದ ಮಾನ ಕಳೆದ್ಯಲ್ಲೋ" ಎಂದ. ಜುವೇನಾ ಕ್ಷಣದಲ್ಲೇ ಮೈಮೇಲೆ ಎಚ್ಚರ ಬಂದವಳಂತೆ ಎದ್ದು, ಕೈಗವಸು ಹಾಕಿದ ಕೈಯಿಂದಲೇ ನನ್ನ ಎದೆಗೆ ಗುದ್ದಿದಳು.

"ನಾನು ಕೇಳಿದ್ನಾ? ನಿಲ್ಸಿ ಅಂತ ನಾನು ಕೇಳಿದ್ನಾ ಮ್ವಾಲಿಮು?"

"ಇಲ್ಲ" ಎಂದೆ. "ನೀನು ಕೇಳಲ್ಲ. ಅದಕ್ಕೇ ನಾನಿರೋದು."

ಆಸ್ಪತ್ರೆಗೆ ಕರೆದೊಯ್ದೆವು. ತಲೆಗೆ ಪೆಟ್ಟಾಗಿದೆ, ಒಂದು ತಿಂಗಳು ಗುದ್ದಾಟ ಬೇಡ ಎಂದರು ಡಾಕ್ಟರು. ಕೈಹಿಡಿದು ಮನೆಗೆ ತಂದು ಬಿಟ್ಟೆ. ಅವಳು ನನ್ನ ಕೈ ಕೊಡವಿ ಒಳಗೆ ಹೋದಳು. ಬೀಬಿ ಸಾದಾ ಒಂದು ಲೋಟ ಶುಂಠಿ ಚಹಾ ತಂದು ನನ್ನ ಮುಂದಿಟ್ಟು, ಕುಡಿದು ಮುಗಿಸುವ ತನಕ ಎದುರಿಗೆ ಕೂತಿದ್ದಳು.

ಹನ್ನೊಂದು ದಿನ ಅಂಗಳಕ್ಕೆ ಜುವೇನಾ ಬರಲಿಲ್ಲ. ಅವಳೊಬ್ಬಳೇ ಅಲ್ಲ, ಅರ್ಧಕ್ಕರ್ಧ ಜನ ಬರಲಿಲ್ಲ. ಹೆದರುಪುಕ್ಕಲನ ಹತ್ತಿರ ಏನು ಕಲಿಯುವುದು ಎಂಬ ಮಾತು ಕಾಫಿ ಮಾರುವವರ ಜಗಲಿಯಲ್ಲಿ ನನ್ನ ಎಡಗಿವಿಗೂ ಬಿತ್ತು. ನಾನು ದಿನವೂ ಹೋಗಿ ಅಂಗಳ ಗುಡಿಸಿದೆ, ಬಂದ ಐದಾರು ಜನಕ್ಕೆ ಕಲಿಸಿದೆ. ಬಾಗಿಲು ಹಾಕುವ ಯೋಚನೆ ಒಂದು ದಿನವೂ ಬರಲಿಲ್ಲ.

ಹನ್ನೆರಡನೆಯ ದಿನ ಬೆಳಗ್ಗೆ ಅವಳು ಬಂದು ಮರಕ್ಕೆ ಒರಗಿ ನಿಂತಳು.

"ಇನ್ನೂ ಕೋಪ ಇದೆ" ಎಂದಳು.

"ಇರಲಿ."

"ಕೈಗವಸು ಮುಟ್ಟಲ್ಲ. ಡಾಕ್ಟರು ಹೇಳಿದಷ್ಟು ದಿನ ಮುಟ್ಟಲ್ಲ. ಕಾಲಿನ ಕೆಲಸ ಮಾತ್ರ ಹೇಳ್ಕೊಡಿ. ಆ ಎಡಗೈಯಿಂದ ತಪ್ಪಿಸ್ಕೊಳ್ಳೋದು ಹೇಗೆ?"

ಸುಣ್ಣದಲ್ಲಿ ನೆಲಕ್ಕೆ ಗೆರೆ ಎಳೆದುಕೊಟ್ಟೆ. ಸೂರ್ಯ ನೆತ್ತಿಗೆ ಬರುವವರೆಗೂ ಆ ಗೆರೆಯ ಮೇಲೆ ಹಿಂದೆ ಮುಂದೆ ಹೆಜ್ಜೆ ಹಾಕಿದಳು. ಡಿಸೆಂಬರಿನಲ್ಲಿ ತುಮೈನಿಯ ಎದುರೇ ಮತ್ತೆ ಇಳಿಯುತ್ತಾಳಂತೆ, ದಾರ್‌ನಲ್ಲಿ, ಅವಳ ಊರಲ್ಲೇ. ಡಾಕ್ಟರು ಸರಿ ಎಂದರೆ ಇಳಿಸುತ್ತೇನೆ. ನಿಲ್ಲಿಸುವ ಮಾತು ನನ್ನದೇ ಎಂದು ಮೊದಲೇ ಹೇಳಿದ್ದೇನೆ. "ಗೊತ್ತು" ಎಂದಳು, ಅಷ್ಟೇ. ಈಗ ಮಿಕ್ಕವರೂ ಒಬ್ಬೊಬ್ಬರಾಗಿ ವಾಪಸು ಬರುತ್ತಿದ್ದಾರೆ.

ಮಗುವಿಗೆ ನನ್ನ ಮುತ್ತು. ಅವನ ಮುಷ್ಟಿ ಗಟ್ಟಿಯಾಗಿರಲಿ, ಅದಕ್ಕಿಂತ ಮುಖ್ಯವಾಗಿ ಬೇಕಾದಾಗ ಬಿಚ್ಚಲು ಬರಲಿ. ನಿನಗೆ ದೇವರು ಆಯಸ್ಸು ಕೊಡಲಿ.

ನಿನ್ನ
ಮಕಾಮೆ

ತಾ.ಕ.: ಸಹಿ ಹಾಕಿ ಆಯಿತು, ಬರೆಯಬೇಕಾದದ್ದು ಇನ್ನೂ ಬರೆದಿಲ್ಲ.

ನಮ್ಮ ಜೊತೆ ಅದೇ ದೋಣಿ ಹತ್ತುತ್ತಿದ್ದ ಸಿಲಿಮಾನ ಹೆಸರನ್ನು ಮೂವತ್ತೇಳು ವರ್ಷಗಳಲ್ಲಿ ನಾವಿಬ್ಬರೂ ಒಂದು ಪತ್ರದಲ್ಲೂ ಎತ್ತಿಲ್ಲ. ದಾರ್‌ನಲ್ಲಿ ಅವನ ಪಂದ್ಯದ ಐದನೇ ಸುತ್ತು ಮುಗಿದಾಗ "ಸಾಕು, ನಿಲ್ಸೋಣ" ಎಂದವನು ನೀನು. ಇನ್ನೊಂದೇ ಸುತ್ತು, ಗೆಲ್ಲುತ್ತಾನೆ ಎಂದವನು ನಾನು. ಟವೆಲಿಗೆ ನೀನು ಕೈಹಾಕಿದಾಗ ನಿನ್ನ ಕೈ ತಳ್ಳಿದವನೂ ನಾನೇ. ಆರನೇ ಸುತ್ತಿನಲ್ಲಿ ಬಿದ್ದ ಅವನನ್ನು ದೋಣಿಯಲ್ಲಿ ಮಲಗಿಸಿಕೊಂಡು ಬಂದು ಇಳಿದಾಗ, "ನನ್ನ ಮಗನ್ನ ಮತ್ತೆ ಒಳಗೆ ಕಳಿಸಿದ್ದು ಯಾರು?" ಎಂದು ಅವನಮ್ಮ ಕೇಳಿದಳು. ನಾನು ನೆಲ ನೋಡಿದೆ. ನಾನೇ ಹೇಳಲಿ ಎಂದು ನೀನು ಕಾದೆ. ವಯಸ್ಸಿನಲ್ಲಿ ಹಿರಿಯ ಎಂದು ಊರು ನಿನ್ನ ಹೆಸರು ಹಿಡಿಯಿತು. ಮೂರು ತಿಂಗಳಲ್ಲಿ ನೀನು ಮೊಂಬಾಸಾಗೆ ಹೊರಟುಹೋದೆ.

ಸಿಲಿಮಾ ಈಗಲೂ ಕುರ್ಚಿಯಲ್ಲೇ ಇದ್ದಾನೆ. ಮಾತಿಲ್ಲ, ಕೈ ನಡುಗುತ್ತದೆ. ತಾಯಿ ನಿನ್ನನ್ನು ಶಪಿಸುತ್ತಲೇ ತೀರಿಕೊಂಡಳು. ತಂಗಿ ರಾಯಾ ಅವನನ್ನು ನೋಡಿಕೊಳ್ಳುತ್ತಾಳೆ. ಪ್ರತಿ ಶುಕ್ರವಾರ ನಾನು ಹೋಗಿ ಅವನಿಗೆ ಗಡ್ಡ ಹೆರೆದು ಬರುತ್ತೇನೆ. ಒಳ್ಳೆಯ ಗೆಳೆಯ ಎಂದು ಊರೆಲ್ಲ ಹೊಗಳುತ್ತದೆ.

ಮೊನ್ನೆ ಶುಕ್ರವಾರ ಇಬ್ಬರ ಎದುರಿಗೂ ಎಲ್ಲ ಹೇಳಿದೆ. ಸಿಲಿಮಾ ನನ್ನ ಮುಖವನ್ನೇ ನೋಡುತ್ತಿದ್ದ; ಎಷ್ಟು ತಿಳಿಯಿತೋ ಗೊತ್ತಿಲ್ಲ. ರಾಯಾ ನನ್ನ ಕೈಯಿಂದ ಕತ್ತಿ ತೆಗೆದುಕೊಂಡು, ಉಳಿದರ್ಧ ಗಡ್ಡವನ್ನು ತಾನೇ ಹೆರೆದಳು. ಮುಗಿಸಿದ ಮೇಲೆ, "ಶಾಯಿಬು ಅಣ್ಣನಿಗೆ ಬರಿ. ಅವನು ಈ ಮನೆ ಮೆಟ್ಟಿಲು ಹತ್ತೋ ತನಕ ನೀನು ಹತ್ಬೇಡ" ಎಂದಳು.

ಬಾ ಶಾಯಿಬು. ಬರುವ ದಿನ ತಿಳಿಸು, ದಕ್ಕೆಯಲ್ಲಿ ನಿಂತಿರುತ್ತೇನೆ. ನಾನು ಅಲ್ಲಿರುವುದು ಬೇಡವೆಂದರೆ ಅದನ್ನೂ ಬರಿ. ಆಗ ರಾಯಾ ಬರುತ್ತಾಳೆ.