ಬೆನ್ನಿಗಲ್ಲದ ಎಣ್ಣೆ

ಉಪ್ಪಲ್, ಹೈದರಾಬಾದ್
ಭಾನುವಾರ, ೧೨ ನವೆಂಬರ್ ೨೦೦೬

ಪ್ರೀತಿಯ ಅವ್ವಾ,

ಹೇಗಿದ್ದೀ? ಮೊಣಕಾಲಿನ ನೋವು ಇಳಿಯಿತೇ? ಅಪ್ಪನ ಕೆಮ್ಮು ಕಡಿಮೆಯಾಯಿತೋ, ಇಲ್ಲ ಇನ್ನೂ ಬೀಡಿಯ ಮೇಲೆ ಬೀಡಿ ನಡೆದಿದೆಯೋ? ಬೀದರಿನಲ್ಲಿ ಈಗ ಚಳಿ ಶುರುವಾಗಿರಬೇಕು, ಬೆಳಿಗ್ಗೆ ತಣ್ಣೀರಿನಲ್ಲಿ ಬಟ್ಟೆ ಒಗೆಯಲು ಕೂರಬೇಡ. ನಾನು ಚೆನ್ನಾಗಿದ್ದೇನೆ. ಹೊಟ್ಟೆಯೊಳಗಿನ ಕೂಸು ನನಗಿಂತ ಚೆನ್ನಾಗಿದೆ, ನಾನು ಊಟಕ್ಕೆ ಕೂತರೆ ತನಗೆ ಮೊದಲು ಬಡಿಸಿಲ್ಲ ಎಂದು ಒದೆಯುತ್ತದೆ. ನಿನ್ನ ಅಳಿಯ ಮತ್ತೆ ಕಂಪನಿ ಬದಲಿಸಿದ್ದಾರೆ. ಹೊಸ ಆಫೀಸು ಊರಿನ ಆ ತುದಿಗೆ, ನಾವಿರುವುದು ಈ ತುದಿಗೆ. ಬೆಳಿಗ್ಗೆ ಕಂಪನಿಯ ಬಸ್ಸು ಹತ್ತಿದವರ ಮುಖ ನಾವು ಮತ್ತೆ ನೋಡುವುದು ದೀಪ ಹಚ್ಚಿದ ಮೇಲೆಯೇ. ಈ ಊರಿನಲ್ಲಿ ಈಗ ಎಲ್ಲರ ಬಾಳೂ ಹೀಗೇ ಆಗಿದೆ.

ಮುಂದೆ ಓದುವ ಮೊದಲು ಒಂದು ಮಾತು. ನಮ್ಮ ಮನೆಗೆ ಕಾಗದ ಬಂದರೆ ಅಪ್ಪ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುವುದು, ಓಣಿಯವರು ಕೇಳುವುದು ಮೊದಲಿನಿಂದ ಬಂದ ಪದ್ಧತಿ. ಇದನ್ನು ಹಾಗೆ ಓದಿಸಬೇಡ. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಓದು. ಅದಕ್ಕೇ ಅಂಚೆಗೆ ಹಾಕದೆ, ಕೆಲಸದ ಮೇಲೆ ಇಲ್ಲಿಗೆ ಬಂದ ತಮ್ಮ ಬಂಡೆಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಮನೆಯ ಫೋನೂ ಅದೇ ಪಡಸಾಲೆಯಲ್ಲಿದೆ.

ಮೊದಲು ತೋರಿಸುತ್ತಿದ್ದ ದೊಡ್ಡ ಆಸ್ಪತ್ರೆಯನ್ನು ಬಿಟ್ಟುಬಿಟ್ಟೆ. ಅಲ್ಲಿ ಹೆರಿಗೆ ಕೋಣೆ ತೋರಿಸಿದ ನರ್ಸು, ಚೊಚ್ಚಲಾದರೆ ಎಲ್ಲರಿಗೂ ಕೆಳಗೆ ಕೊಯ್ದೇ ಹೊಲಿಗೆ ಹಾಕುತ್ತೇವೆ ಎಂದು ಸೀರೆಗೆ ಫಾಲ್ ಹಚ್ಚುವ ಮಾತಿನಷ್ಟು ಹಗುರವಾಗಿ ಹೇಳಿದಳು. ನೆನಪಿದೆಯೇ, ಆ ಸಂಜೆ ನಿನಗೆ ಫೋನ್ ಮಾಡಿ ಸುತ್ತಿ ಬಳಸಿ ಇದನ್ನು ಹೇಳಿದ್ದೆ. ನೀನು "ಕೊಯ್ದರ ಕೊಯ್ಯವಲ್ರು, ನೆಟ್ಟಗ ಹೊಲೀತಾರೇನು ಕೇಳು" ಎಂದೆ. ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ.

ಈಗ ತೋರಿಸುತ್ತಿರುವುದು ಹಿಮಾಯತ್‌ನಗರದಲ್ಲಿ ಡಾಕ್ಟರ್ ಮೃಣಾಲಿನಿಯವರ ಸಣ್ಣ ನರ್ಸಿಂಗ್ ಹೋಮಿನಲ್ಲಿ. ಗುಲ್ಬರ್ಗಾದ ಕಡೆಯವರು, ಹೊರಗೆ ತೆಲುಗು, ಒಳಗೆ ಬಂದರೆ ನಮ್ಮ ಮಾತು. "ಅಗದಿ ಬೇಕಾದರ ಕೊಯ್ತೀನಿ, ರೂಢಿ ಅಂತ ಕೊಯ್ಯಂಗಿಲ್ಲ" ಎಂದು ಮೊದಲ ದಿನವೇ ಹೇಳಿದರು. ಕೂಸು ಬರುವ ಜಾಗದ ಚರ್ಮಕ್ಕೆ ಎಂಟು ತಿಂಗಳು ತುಂಬುವ ಹೊತ್ತಿಗೇ ರೂಢಿ ಮಾಡಿಸಬೇಕಂತೆ. ಕೈ ತೊಳೆದು, ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಒಳಗಿನಿಂದ ಕೆಳಕ್ಕೂ ಪಕ್ಕಕ್ಕೂ ಮೆಲ್ಲಗೆ ಒತ್ತಿ ಸಡಿಲ ಮಾಡುವುದು. ಹೆರುವಾಗ ಅಂಗಾತ ಬಿದ್ದುಕೊಳ್ಳದೆ ಮಗ್ಗುಲಾಗಿಯೋ ಮೊಣಕಾಲೂರಿಯೋ ಇರುವುದು. ಕೂಸಿನ ತಲೆ ಕಂಡಾಗ ಅವರು ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಒತ್ತಿ ಹಿಡಿಯುತ್ತಾರಂತೆ, ನಾನು ಮುಕ್ಕರಿಯುವುದನ್ನು ಬಿಟ್ಟು, ಬಸಿಯಲ್ಲಿನ ಬಿಸಿ ಚಹಾ ಊದಿದ ಹಾಗೆ ಉಸಿರು ಬಿಡಬೇಕು. ಗಡಿಬಿಡಿ ಮಾಡಿದರೆ ಹರಿಯುತ್ತದೆ, ಮೆಲ್ಲಗೆ ಬಂದರೆ ಚರ್ಮವೇ ದಾರಿ ಕೊಡುತ್ತದೆ. "ಹರಿಯೂದೇ ಇಲ್ಲಂತ ಮಾತು ಕೊಡಂಗಿಲ್ಲವ್ವ. ಹರಿದರೂ ಸಣ್ಣಗ ಹರೀಲಿ, ನಾ ನೋಡಿ ನೆಟ್ಟಗ ಹೊಲೀತೀನಿ" ಎಂದರು. ಸುಳ್ಳು ಧೈರ್ಯ ಹೇಳಲಿಲ್ಲ, ಅದಕ್ಕೇ ನನಗೆ ಧೈರ್ಯ ಬಂತು.

ಇನ್ನು ಇಲ್ಲಿ ನಮ್ಮ ಮನೆಯ ಫಜೀತಿ ಕೇಳು. ನಿನ್ನ ಅಳಿಯ ಮನೆಗೆ ಬಂದು ತಮ್ಮ ತಾಯಿಯ ಮುಂದೆ "ಡಾಕ್ಟರು ಎಣ್ಣಿ ಹಚ್ಚಿ ತಿಕ್ಕಬೇಕು ಅಂದಾರ" ಎಂದು ಇಷ್ಟೇ ಹೇಳಿ, ಟೀವಿಯಲ್ಲಿ ಕ್ರಿಕೆಟ್ ಹಚ್ಚಿ ಕೂತುಬಿಟ್ಟರು. ನಮ್ಮ ಅತ್ತೆ ಶರಣಬಸಮ್ಮನವರು ಗೊತ್ತಲ್ಲ, ಕೆಲಸ ಹೇಳಿದರೆ ಮುಗಿಯಿತು. ಅಲ್ಲೇ ಎಣ್ಣೆ ಕಾಯಿಸಿ ನನ್ನನ್ನು ಕೂರಿಸಿ ರೊಟ್ಟಿ ಹಿಟ್ಟು ನಾದುವ ಹಾಗೆ ಬೆನ್ನು ತಿಕ್ಕತೊಡಗಿದರು. ಬೆನ್ನಿಗಲ್ಲ ಎಂದು ಯಾವ ಬಾಯಿಂದ ಹೇಳಲಿ? ದಿನಾ ಮಧ್ಯಾಹ್ನ ಅವರು ಬೆನ್ನು ತಿಕ್ಕುವುದು, ಆಮೇಲೆ ನಾನು ಬಚ್ಚಲ ಚಿಲಕ ಹಾಕಿಕೊಂಡು ಡಾಕ್ಟರು ಹೇಳಿದ್ದನ್ನು ಮಾಡುವುದು. ಹೀಗೆ ನಡೆದಿತ್ತು. ಬೆನ್ನುನೋವಂತೂ ಹೋಯಿತು, ಆ ಪುಣ್ಯ ಅವರಿಗೇ ಸಲ್ಲಲಿ. ಕೊನೆಗೊಂದು ದಿನ ಬಚ್ಚಲಿನಲ್ಲಿದ್ದ ಬಾಟಲಿ ಹಿಡಿದುಕೊಂಡು ಬಂದು, "ತಲೀಗೆ ಹಚ್ಚಿಲ್ಲ, ಒಗ್ಗರಣಿಗೆ ಹಾಕಿಲ್ಲ, ಈ ಎಣ್ಣಿ ಎಲ್ಲಿ ಹೋಗಾಕತ್ತೈತಿ?" ಎಂದು ಕೇಳಿದರು. ಹೇಳಲೇಬೇಕಾಯಿತು. ಅವರು ಸೆರಗು ಬಾಯಿಗೆ ಒತ್ತಿಕೊಂಡು, "ಹಂಗಾರ ಇಷ್ಟು ದಿನ ಸುಮ್ಮನ ಬೆನ್ನು ತಿಕ್ಕಿದೆನೇನ ನಾ" ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ನಗು ನಿಂತಿತು, ಕಣ್ಣೀರು ನಿಲ್ಲಲಿಲ್ಲ. "ನಮಗ ಯಾರೂ ಹೇಳಲಿಲ್ಲ ನೋಡವ್ವ. ನಿನ್ನ ಗಂಡನ್ನ ಹಡದ ಮ್ಯಾಲ ನಾ ಎಷ್ಟೋ ದಿನ ಒಂದ ಮಗ್ಗಲ ಕೂತೀನಿ" ಎಂದರು. ಕಣ್ಣೊರೆಸಿಕೊಂಡು, "ನಿಮ್ಮವ್ವಗೂ ಏನರೆ ಹಿಂಗ ಆಗಿತ್ತೇನು?" ಎಂದು ಕೇಳಿದರು. ನಾನು ಅವರ ಕೈಯಿಂದ ಬಾಟಲಿ ತೆಗೆದುಕೊಂಡು ಬಚ್ಚಲಿನಲ್ಲಿಟ್ಟು ಬಂದೆ.

ಅದೇ ಪ್ರಶ್ನೆಯನ್ನು ಡಾಕ್ಟರೂ ಮೊದಲೇ ಕೇಳಿದ್ದರು. ನಿಮ್ಮ ತಾಯಿಯ ಹೆರಿಗೆ ಹೇಗಾಗಿತ್ತು ಎಂದರು. ಗೊತ್ತಿಲ್ಲ ಎಂದು ಹೇಳಿ ಬಸ್ಸು ಹತ್ತಿದೆ. ಉಪ್ಪಲ್ ಬರುವ ತನಕ ಕಿಟಕಿಯಾಚೆ ನೋಡುತ್ತ ನಿನ್ನದೇ ವಿಚಾರ. ಊರಿಗೆ ಹೊರಡುವ ದಿನ ನೀನು ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯುವುದಿಲ್ಲ. ಮದುವೆಮನೆಯಲ್ಲಿ ಬಾಗಿಲ ಹತ್ತಿರವೇ ಕೂರುತ್ತೀ, ಪಂಕ್ತಿಗೆ ಕರೆದರೆ ಆಮೇಲೆ ಉಣ್ಣುತ್ತೇನೆ ಎನ್ನುತ್ತೀ. ಎಲ್ಲರೂ ನಗುವ ಮಾತಿಗೆ ನೀನು ತುಟಿ ಬಿಗಿದು ಎದ್ದು ಹೋಗುತ್ತೀ. ನಿನ್ನ ಹಳೆ ಸೀರೆಯ ತುಂಡುಗಳು ಬೇರೆ ಹಗ್ಗದ ಮೇಲೆ ಒಣಗುತ್ತವೆ. ಮಂದಿ ಇದಕ್ಕೆ ಸೊಕ್ಕು ಎಂದು ಹೆಸರಿಟ್ಟರು, ನೀನು ಸೊಕ್ಕನ್ನೇ ಒಪ್ಪಿಕೊಂಡೆ. ನೀನು ಹೆತ್ತ ಚೊಚ್ಚಲು ನಾನು, ಅಂದರೆ ನೆಟ್ಟಗೆ ಹೊಲಿಯದೆ ಬಿಟ್ಟ, ನಿನಗೆ ಮೂತ್ರ ತಡೆಯದಂತೆ ಮಾಡಿದ ಆ ಗಾಯ ಆದದ್ದು ನನ್ನಿಂದಲೇ ಇರಬೇಕು. ಬಸ್ಸಿನಲ್ಲೇ ಅತ್ತುಬಿಟ್ಟೆ ಅವ್ವಾ. ಸಿಟ್ಟೂ ಬಂತು, ಹೊಲಿದ ಕೈಗಳ ಮೇಲೆ, ಯಾರಿಗೂ ಹೇಳದೆ ಸುಮ್ಮನಿದ್ದ ನಿನ್ನ ಮೇಲೂ ಸ್ವಲ್ಪ.

ನನ್ನ ಸೀಮಂತದ ಕುಬಸಕ್ಕೆ ನೀನು ಬರಲಿಲ್ಲ. ಸೀರೆ, ಬಳೆಗಳನ್ನು ಬಂಡೆಪ್ಪನ ಕೈಯಲ್ಲಿ ಕಳಿಸಿದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಾದದ್ದು, ನೀನೇ ಫೋನ್ ಮಾಡಿ "ಇಲ್ಲಿ ಹಡೀಬ್ಯಾಡ, ಅಲ್ಲೇ ಹಡಿ" ಎಂದೆ. ಹಡೆದವ್ವನಿಗೇ ಮಗಳು ಬೇಡವಾದಳು ಎಂದು ಇಲ್ಲಿ ಬಂದ ಮುತ್ತೈದೆಯರು ಆಡಿಕೊಂಡರು, ಅತ್ತೆಯೂ ಅವರ ಜೊತೆ ಸೇರಿದ್ದರು. ನನಗೂ ನೋವಾಗಿತ್ತು. ನಿನಗಾದದ್ದು ನನಗೆ ಆಗದಿರಲಿ ಎಂದೇ ನೀನು ತವರಿನ ಬಾಗಿಲು ಮುಚ್ಚಿದೆ ಎಂಬುದು ಈಗ ತಿಳಿಯಿತು. ಅತ್ತೆಗೂ ತಿಳಿದಿದೆ ಎಂದು ಕಾಣುತ್ತದೆ. ನಾನು ಏನೂ ಹೇಳದಿದ್ದರೂ ನಿನ್ನೆ ಬಟ್ಟೆ ಮಡಚುತ್ತ, "ನಿಮ್ಮವ್ವ ಬಂದರ ನನ್ನ ಮಂಚ ಬಿಟ್ಟುಕೊಡ್ತೀನಿ, ಬಚ್ಚಲಕ್ಕ ಸಮೀಪ ಐತಿ" ಎಂದರು. ಕುಬಸದ ಮಾತು ಮತ್ತೆ ಎತ್ತಲಿಲ್ಲ.

ಬಾಣಂತನಕ್ಕೆ ಅಳವಿ ಉಂಡಿ ಮಾಡಿ, ಬಂಡೆಪ್ಪ ಮತ್ತೆ ಬರುವಾಗ ಕಳಿಸುತ್ತೇನೆ ಎಂದಿದ್ದೆಯಲ್ಲ, ಅವನ ಕೈಯಲ್ಲಿ ಕಳಿಸಬೇಡ, ದಾರಿಯಲ್ಲೇ ಅರ್ಧ ಮುಗಿಸುತ್ತಾನೆ. ಅಪ್ಪನಿಗೆ ನನ್ನ ನಮಸ್ಕಾರ, ಬೀಡಿಗೆ ನನ್ನ ಬೈಗುಳ. ನಿನ್ನ ಕೈ ನನ್ನ ತಲೆಯ ಮೇಲೆ ಇರಲಿ.

ನಿನ್ನ ಚೊಚ್ಚಲು,
ರೇಣುಕಾ

ತಾ.ಕ.: ಬಂಡೆಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನ ಹೆಸರು ಹೇಳದೆ ಡಾಕ್ಟರನ್ನು ಕೇಳಿದೆ. "ಎಷ್ಟು ವರ್ಷ ಆಗಿದ್ದರೂ ಕರಕೊಂಡು ಬರ್ರಿ. ಭಾಳ ಮಂದಿಗೆ ವ್ಯಾಯಾಮದಿಂದ ಕಡಿಮಿ ಆಗತೈತಿ, ಇಲ್ಲಂದರ ಮತ್ತೊಮ್ಮೆ ಸರಿಯಾಗಿ ಹೊಲಿಯಾಕ ಬರತೈತಿ. ಇದರಾಗ ನಾಚಿಕಿ ಏನೈತಿ" ಎಂದರು. ಬರುವ ಗುರುವಾರಕ್ಕೆ ನಮ್ಮಿಬ್ಬರಿಗೂ ಸಮಯ ಕೇಳಿಕೊಂಡು ಬಂದಿದ್ದೇನೆ. ಮಗಳ ಬಾಣಂತನಕ್ಕೆ ಹೊರಟೆ ಎಂದು ಅಪ್ಪನಿಗೂ ಓಣಿಗೂ ಹೇಳು, ಅದರಲ್ಲಿ ಸುಳ್ಳೇನೂ ಇಲ್ಲ. ಬಸ್ಸು ಬೇಡ, ರೈಲಿಗೆ ಬಾ, ಡಬ್ಬಿಯಲ್ಲೇ ಪಾಯಖಾನೆ ಇರುತ್ತದೆ. ಲಿಂಗಂಪಲ್ಲಿ ಸ್ಟೇಶನ್ನಿನಲ್ಲಿ ನಿನ್ನ ಅಳಿಯ ನಿಂತಿರುತ್ತಾರೆ. ಮನೆ ಬಿಡುವ ಮೊದಲು ಒಂದು ತಂಬಿಗೆ ನೀರು ಕುಡಿದು ಬಾ.