ಏಳನೆಯ ಮೊಳೆ

ಕುದುರೆ ದಳದ ಶಿಬಿರ
ಜೂನ್ ೩

ಪೂಜ್ಯ ಅಪ್ಪನವರಿಗೆ,

ಬಾಗಿ ನಮಸ್ಕರಿಸಲಾಗದ ಸ್ಥಿತಿಯಲ್ಲಿರುವ ಮಗ ಬೋರಲು ಮಲಗಿದಲ್ಲಿಂದಲೇ ಮಾಡುವ ನಮಸ್ಕಾರಗಳು. ಊರು ಬಿಟ್ಟು ಹತ್ತು ದಿನವಾದರೂ ಕಾಗದವಿಲ್ಲವೆಂದು ಅಮ್ಮ ಮೂಗು ಒರೆಸಿಕೊಂಡಿರುತ್ತಾಳೆ, ಅಕ್ಕ ಮೂಗು ಮುರಿದಿರುತ್ತಾಳೆ. ಎರಡೂ ಮೂಗುಗಳಲ್ಲಿ ಕ್ಷಮೆ ಕೋರುತ್ತೇನೆ.

ನೀವು ಎಂದಿನಂತೆ ಕುಲುಮೆಯ ಮುಂದೆ ಕೂತು ಇದನ್ನು ಎಲ್ಲರಿಗೂ ಗಟ್ಟಿಯಾಗಿ ಓದುತ್ತೀರೆಂದು ಬಲ್ಲೆ. ಆದರೂ ಮುಚ್ಚಿಡಲಾರೆ: ನಿಮ್ಮ ಮಗ ಯುದ್ಧಕ್ಕೆ ಮುಂಚೆಯೇ ಯುದ್ಧಕ್ಕೆ ಬಾರದವನಾಗಿದ್ದಾನೆ. ಜೀನಿಗೂ ನನಗೂ ನಡುವೆ, ಸಭ್ಯರು ಹೆಸರಿಸದ ಜಾಗದಲ್ಲಿ, ನಿಂಬೆಹಣ್ಣಿನಷ್ಟು ದಪ್ಪನೆಯ ಕುರು ಎದ್ದಿದೆ. ದಳದ ವೈದ್ಯರು ಕನ್ನಡಕ ಏರಿಸಿ, ಶತ್ರುವಿನ ಕೋಟೆಯನ್ನು ನೋಡುವಂತೆ ಅದನ್ನು ನಾಲ್ಕೂ ದಿಕ್ಕಿನಿಂದ ವೀಕ್ಷಿಸಿ, ಐದು ದಿನ ಕುದುರೆ ಹತ್ತಕೂಡದೆಂದು ಬರೆದುಕೊಟ್ಟರು. ನಾಳೆ ಬೆಳಿಗ್ಗೆ ದಳವೆಲ್ಲ ನದಿಯಾಚೆಯ ಕಂದಕಗಳ ಮೇಲೆ ಏರಿ ಹೋಗುತ್ತದೆ. ನಾನು ಹಿಂದೆ ದಿಬ್ಬದ ಮೇಲೆ ಬೋರಲು ಬಿದ್ದುಕೊಂಡು ದೇಶಸೇವೆ ಮಾಡುತ್ತೇನೆ.

ಇನ್ನು ಭಾವನ ಸಮಾಚಾರ, ಅಕ್ಕನ ಕಿವಿಗೆ. 'ನನಗಿದು ನಾಲ್ಕನೇ ತಿಂಗಳು. ಅವರನ್ನ ಹೋದ ಹಾಗೇ ವಾಪಸ್ ಕರ್ಕೊಂಡು ಬಾ. ಅಂಗೀಲಿ ಒಂದು ಗುಂಡಿ ಕಮ್ಮಿಯಾಗಿದ್ರೂ ನಿನ್ನನ್ನ ಮನೆಯೊಳಗೆ ಬಿಡಲ್ಲ' ಎಂದಿದ್ದಳಲ್ಲ, ಗುಂಡಿಗಳೆಲ್ಲ ಕ್ಷೇಮ. ದರ್ಜಿಯ ಅಂಗಿಯಿಂದ ಗುಂಡಿ ಉದುರುವುದುಂಟೆ? ದಳಪತಿಗಳ ಕೋಟಿನ ತೋಳಿನಿಂದ ಹಿಡಿದು ಅಡುಗೆಯವನ ಚಡ್ಡಿಯವರೆಗೆ ಹರಿದದ್ದನ್ನೆಲ್ಲ ಹೊಲಿದು ಭಾವ ಇಲ್ಲಿ ದೊಡ್ಡ ಮನುಷ್ಯರಾಗಿದ್ದಾರೆ. ಸವಾರಿ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಕುದುರೆಯ ಮೇಲೆ ಕೂತರೂ ಹೊಲಿಗೆ ಯಂತ್ರದ ಮುಂದೆ ಕೂತಂತೆ ಪಾದ ಆಡಿಸುತ್ತಾರೆ.

ಅವರ ಪಾಲಿಗೆ ಬಂದ ಕುದುರೆಯೋ ಕೆಮ್ಮುವ ಮುದುಕ. ನನ್ನದು ಗೊತ್ತಲ್ಲ, ನಾವೆಲ್ಲ ನಪಾಸಾದವರೆಂಬಂತೆ ನೋಡುತ್ತದೆಂದು 'ಮೇಷ್ಟರು' ಎಂದು ಹೆಸರಿಟ್ಟಿದ್ದೇನೆ. ದಳ ನಮ್ಮೂರಿನಲ್ಲಿ ತಂಗಿದಾಗ ಐವತ್ತು ಕುದುರೆಗಳಿಗೆ ನಮ್ಮ ಕುಲುಮೆಯಲ್ಲೇ ಲಾಳ ಕಟ್ಟಿಸಿದಿರಿ. ನಲವತ್ತೊಂಬತ್ತನ್ನು ಕೆಲಸದವರಿಗೆ ಬಿಟ್ಟು, ಮೇಷ್ಟರ ನಾಲ್ಕು ಕಾಲನ್ನೂ ನೀವೇ ತೊಡೆಯ ಮೇಲಿಟ್ಟುಕೊಂಡಿರಿ. ನೆರವಿಗೆ ಬಂದ ನನ್ನನ್ನು 'ಹೋಗೋ, ನಿಮ್ಮಮ್ಮ ಕರೀತಿದ್ದಾಳೆ' ಎಂದು ಅಟ್ಟಿದಿರಿ. ಅಮ್ಮ ಕರೆದೇ ಇರಲಿಲ್ಲ. ಅಪ್ಪನ ಕಣ್ಣು ಒದ್ದೆಯಾಗಿರಬೇಕು, ಮಗನಿಗೆ ಕಾಣಬಾರದೆಂದು ಈ ಉಪಾಯ, ಎಂದುಕೊಂಡು ನಾನೂ ಸುಮ್ಮನಾದೆ.

ಇವತ್ತು ಸಂಜೆ ಭಾವ ಬಂದು ನನ್ನ ಪಕ್ಕ ಕೂತರು. ಮೊದಲು ನನ್ನ ಕುರುವನ್ನು ಅಭಿನಂದಿಸಿದರು. ಆಮೇಲೆ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, 'ನಾಳೆ ಒಂದಿನಕ್ಕೆ ನಿನ್ನ ಕುದುರೆ ಕೊಡೋ. ಮಾವ ಕೈಯಾರೆ ಲಾಳ ಕಟ್ಟಿದ್ದು ಅದೊಂದಕ್ಕೇ. ಅದರ ಮೇಲೆ ಕೂತ್ರೆ ನಂಗೆ ಮನೇಲಿ ಕೂತಷ್ಟು ಧೈರ್ಯ' ಎಂದರು.

ಕೊಟ್ಟೆ. ದಾರಿ ಅರ್ಧ ರೈಲಿನಲ್ಲಿ, ಉಳಿದರ್ಧ ಹೆಜ್ಜೆ ನಡಿಗೆಯಲ್ಲಿ ಕಳೆದದ್ದರಿಂದ ಮೇಷ್ಟರು ದಣಿದೂ ಇಲ್ಲ. ಅಕ್ಕ ನಿಶ್ಚಿಂತೆಯಾಗಿರಲಿ. ಅವಳ ಗಂಡನ ಕೆಳಗೆ ಅವಳಪ್ಪನ ಕೈಕೆಲಸವಿದೆ.

ಬೋರಲು ಬಿದ್ದ ವೀರ,
ನಿಮ್ಮ ಮಗ


ಅದೇ ಶಿಬಿರ
ಜೂನ್ ೨೮

ಪೂಜ್ಯ ಅಪ್ಪನವರಿಗೆ,

ಕುರು ಒಣಗಿದೆ. ಆದ್ದರಿಂದ ಈ ಸಲದ ನಮಸ್ಕಾರ ಬಾಗಿಯೇ. ತಡವಾದದ್ದಕ್ಕೆ ನೆಪ ಹೇಳುವುದಿಲ್ಲ. ಭಾವ ಹೋದ ಸುದ್ದಿಯನ್ನು ಸರ್ಕಾರದ ತಂತಿ ನನಗಿಂತ ಮುಂಚೆ ತಲುಪಿಸಿತು. ಸರ್ಕಾರಕ್ಕೆ ಮೂರು ಸಾಲು ಸಾಕಾಯಿತು. ನಾನು ಮೂರು ವಾರ ಕೂತರೂ ಒಂದು ಸಾಲು ನೆಟ್ಟಗೆ ಬರಲಿಲ್ಲ.

ಅಕ್ಕನ ಕಾಗದ ಸಿಕ್ಕಿತು. ಅದರಲ್ಲಿ ಅಳುವಿಲ್ಲ, ಬೈಗುಳವೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡೇ ಮಾತು ಬರೆದಿದ್ದಾಳೆ. ಹೇಗಾಯಿತು ತಿಳಿಸು. ಅವರು ಹತ್ತಿದ್ದ ಕುದುರೆಯ ಒಂದು ಲಾಳ ಕಳಿಸು, ಅಪ್ಪನ ಕೈಯಲ್ಲಿ ಬಾಗಿಲಿಗೆ ಹೊಡೆಸುತ್ತೇನೆ, ಹುಟ್ಟುವ ಮಗು ನೋಡಲಿ.

ಅಕ್ಕ, ಹೀಗಾಯಿತು. ನಾನು ದಿಬ್ಬದ ಮೇಲಿನಿಂದ, ಪುಕ್ಕಟೆ ಟಿಕೀಟಿನಲ್ಲಿ ನಾಟಕಕ್ಕೆ ಬಂದವನಂತೆ, ಎಲ್ಲವನ್ನೂ ನೋಡಿದೆ. ನದಿ ದಾಟುವವರೆಗೆ ಕುದುರೆಗಳು ನಡೆದೇ ಹೋದವು. ಭಾವ ಪಾದ ಆಡಿಸುತ್ತಿದ್ದರು, ಪಕ್ಕದ ಕಹಳೆಯವನು ನಗುತ್ತಿದ್ದ. ಆಚೆ ದಡದಲ್ಲಿ ನಾಗಾಲೋಟ. ಕಂದಕಕ್ಕೆ ಇನ್ನೂರು ಹೆಜ್ಜೆಯಿರುವಾಗ ಮೇಷ್ಟರು ಎಡ ಮುಂಗಾಲನ್ನು ನೆಲಕ್ಕೆ ಊರಲಾರದೆ ನಿಂತುಬಿಟ್ಟರು. ಉಳಿದವರು ಮುಂದಕ್ಕೆ ಹೋದರು. ಬೇರೆ ಯಾರೇ ಆಗಿದ್ದರೂ ಕುದುರೆ ಬಿಟ್ಟು ಹಳ್ಳಕ್ಕೆ ಹಾರುತ್ತಿದ್ದರು. ಭಾವ ಲಾಳ ಕಟ್ಟುವವರ ಮನೆಯ ಅಳಿಯ. ಕೆಳಗಿಳಿದು, ಕುಲುಮೆಯಲ್ಲಿ ಅಪ್ಪನನ್ನು ನೋಡಿ ಕಲಿತಂತೆ, ಆ ಕಾಲನ್ನು ಮೊಣಕಾಲುಗಳ ನಡುವೆ ಹಿಡಿದು, ಗೊರಸಿಗೆ ಕಲ್ಲು ಸಿಕ್ಕಿದೆಯೇ ಎಂದು ಬಗ್ಗಿ ನೋಡಿದರು. ಬಗ್ಗಿದವರು ಏಳಲಿಲ್ಲ. ಗುಂಡು ಬೆನ್ನಿಗೆ ಹೊಕ್ಕಿತ್ತು. ಅಂಗಿಯ ಗುಂಡಿಗಳನ್ನು ನಾನೇ ಎಣಿಸಿದೆ. ಒಂದೂ ಕಮ್ಮಿಯಾಗಿರಲಿಲ್ಲ.

ಮೇಷ್ಟರು ಮಾತ್ರ ಮೈಮೇಲೆ ಒಂದು ಗೀರೂ ಇಲ್ಲದೆ, ಮೂರು ಕಾಲಿನಲ್ಲಿ ಕುಂಟುತ್ತ ಮರಳಿ ಬಂದರು. ದಳಪತಿಗಳು ಶವದ ಮುಂದೆ ಭಾಷಣ ಮಾಡಿದರು. ಕೈ ಬಹಳ ಬೀಸಿದರು. ಭಾವ ಹಾಕಿದ ಹೊಲಿಗೆ ಬಿಡಲಿಲ್ಲ.

ಲಾಳವನ್ನು ಇದರ ಜೊತೆಗಿನ ಪೊಟ್ಟಣದಲ್ಲಿಟ್ಟಿದ್ದೇನೆ. ಅಮ್ಮ ಊಟ ಬಿಡಬಾರದು. ಅಕ್ಕ ಭಾರ ಎತ್ತಬಾರದು. ಹುಟ್ಟುವ ಮಗುವಿಗೆ ಸೋದರಮಾವನ ಆಶೀರ್ವಾದ ಈಗಲೇ ತಲುಪಲಿ, ಆಮೇಲೆ ಅವನು ಸಿಗುತ್ತಾನೋ ಇಲ್ಲವೋ. ಅಪ್ಪ, ನಿಮ್ಮ ಆಶೀರ್ವಾದ ನನ್ನ ಮೇಲೆ ಇದ್ದೇ ಇದೆ ಎಂಬುದು ಈಗ ಚೆನ್ನಾಗಿ ಗೊತ್ತಾಗಿದೆ.

ಈಗ ನೆಟ್ಟಗೆ ಕೂರಬಲ್ಲ
ನಿಮ್ಮ ಮಗ

ತಾ. ಕ. ಹಾಳೆ ತಿರುಗಿಸಿದ ಮೇಲೆ ಗಟ್ಟಿಯಾಗಿ ಓದಬೇಡಿ. ಕೆಮ್ಮು ಬಂತೆಂದು ಹೇಳಿ ಎದ್ದು ಒಳಗೆ ಹೋಗಿ.

ಆ ಲಾಳವನ್ನು ನಾನೇ ಕಿತ್ತೆ. ಏಳು ಮೊಳೆಗಳಿದ್ದವು. ಆರು ಸರಿಯಾಗಿದ್ದವು. ಏಳನೆಯದನ್ನು ತಿರುಗಿಸಿ ಹೊಡೆಯಲಾಗಿತ್ತು. ಮೊಳೆಯ ಓರೆ ಮಗ್ಗುಲು ಒಳಗಿದ್ದರೆ ತುದಿ ಗೊರಸಿನಿಂದ ಹೊರಕ್ಕೆ ಬರುತ್ತದೆ, ತಿರುಗಿಸಿದರೆ ಹಸಿ ಮಾಂಸದ ಕಡೆಗೆ ಹೋಗುತ್ತದೆ. ಹತ್ತು ವರ್ಷದವನಿದ್ದಾಗ ನಾನು ಹಾಗೆ ಹೊಡೆಯಹೋಗಿ ತಿಂದ ಏಟಿಗೆ ಎಡಗಿವಿ ಇನ್ನೂ ಗುಂಯ್ ಎನ್ನುತ್ತದೆ. 'ಕುರುಡನೂ ಮಾಡಲ್ಲ ಕಣೋ ಈ ತಪ್ಪು' ಎಂದಿದ್ದಿರಿ. ಈ ಮೊಳೆ ಹಸಿಗೆ ತಾಗಿಯೂ ತಾಗದಂತೆ, ಕೂದಲೆಳೆಯಷ್ಟು ಅಂತರದಲ್ಲಿ ನಿಂತಿತ್ತು. ನಡೆದರೆ ಏನೂ ಇಲ್ಲ, ಓಡಿದರೆ ಕುಂಟು. ತಪ್ಪಿ ಹೊಡೆದ ಕೈ ಅಷ್ಟು ನಾಜೂಕಾಗಿರುವುದಿಲ್ಲ.

ಕುದುರೆ ಕುಂಟಿದರೆ ಸವಾರನನ್ನು ಹಿಂದಕ್ಕೆ ಕಳಿಸುತ್ತಾರೆ, ಮಗ ಉಳಿಯುತ್ತಾನೆ. ಯೋಚನೆಯೇನೋ ಚೆನ್ನಾಗಿತ್ತು. ಆದರೆ ಅಪ್ಪ, ನಿಮ್ಮ ಮೊಳೆ ಬೇಕೇ ಇರಲಿಲ್ಲ. ನನ್ನ ಕುರುವೇ ಸಾಕಾಗಿತ್ತು.

ದಳದ ಲಾಳಗಾರ ಏನಾಗಿತ್ತೆಂದು ಕೇಳಿದ. ಕಲ್ಲು ಸಿಕ್ಕಿತ್ತು ಎಂದೆ. ಆ ಮೊಳೆ ನನ್ನ ಜೇಬಿನಲ್ಲಿದೆ. ಪೊಟ್ಟಣದಲ್ಲಿ ಆರೇ ಇವೆಯಲ್ಲ ಎಂದು ಅಕ್ಕ ಕೇಳಿದರೆ, ಒಂದು ದಾರಿಯಲ್ಲಿ ಬಿತ್ತೆನ್ನಿ. ಲಾಳ ಹೊಡೆಯಲು ಅವಳು ನಿಮ್ಮನ್ನೇ ಕರೆಯುತ್ತಾಳೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲೇ ನಿಂತಿರುತ್ತಾಳೆ.

ನೆಟ್ಟಗೆ ಹೊಡೆಯಿರಿ.